‘ಬೈಕ್ ಮೇಲೇ ಕೂತಿದ್ದ, ಕೈ ಹಚ್ಚಿಲ್ಲ’

ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಪ್ರತಿ ಸಲವೂ ಅದೇ. ಆದ್ದರಿಂದ ಈ ಬಾರಿ ಒಂದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಎಫ್‌ಐಆರ್ ಎಂದರೇನು, ಜಾಮೀನು ಎಂದರೇನು ಎಂಬ ಪಾಠ ಇಲ್ಲಿ ಇಲ್ಲ.

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು. ನನ್ನ ತಮ್ಮ ಮತ್ತು ಮೂವರು ಗೆಳೆಯರು ರಾತ್ರಿ ಒಂದು ಅಡತಿ ಅಂಗಡಿಗೆ ಹೋಗಿದ್ದರು. ಮೂವರು ಬೀಗ ಮುರಿದು ಒಳಗೆ ಹೋದರು, ತಮ್ಮ ಬೈಕ್ ಚಾಲೂ ಇಟ್ಟುಕೊಂಡು ಹೊರಗೇ ಕೂತಿದ್ದ. ಅಡ್ಡ ಬಂದ ಕಾವಲುಗಾರನಿಗೆ ಒಬ್ಬ ರಾಡಿನಿಂದ ಹೊಡೆದ, ಆತ ತೀರಿಕೊಂಡ. ಈಗ ನಾಲ್ವರ ಮೇಲೂ ಕೊಲೆ ಕೇಸು. ತಮ್ಮ ಕೈ ಹಚ್ಚಿಲ್ಲ. ಹೆಸರು ತೆಗೆಸಬಹುದೇ ಸರ್?

ಕೈ ಹಚ್ಚಿಲ್ಲ ಎನ್ನುವುದನ್ನು ಬದಿಗಿಡಿ. ಹೊಡೆದವನು ಯಾರೆಂದು ಪೊಲೀಸರಿಗೂ ಗೊತ್ತು. ಕೋರ್ಟು ಕೇಳುವುದು ಬೇರೆ: ರಾಡು ಎಲ್ಲಿಂದ ಬಂತು? ಅದು ಜೊತೆಗಿರುವುದು ನಿಮ್ಮ ತಮ್ಮನಿಗೆ ಗೊತ್ತಿತ್ತೇ? ಮನೆಯಿಂದಲೇ ಗೋಣಿಚೀಲದಲ್ಲಿ ಸುತ್ತಿ ಇವನ ಬೈಕಿಗೇ ಕಟ್ಟಿಕೊಂಡು ಹೋದ ರಾಡಾದರೆ ಒಂದು ಲೆಕ್ಕ. ಶಟರ್ ಪಕ್ಕ ಬಿದ್ದಿದ್ದನ್ನು ಆ ಗಳಿಗೆಯಲ್ಲಿ ಎತ್ತಿಕೊಂಡದ್ದಾದರೆ ಬೇರೆಯೇ ಲೆಕ್ಕ. ನಿಮ್ಮ ಪತ್ರದ ಮೂರು ಪುಟ ತಮ್ಮನ ಒಳ್ಳೆಯತನಕ್ಕೇ ಹೋಗಿವೆ. ರಾಡು ಎಲ್ಲಿಂದ ಬಂತೆಂದು ಒಂದು ಸಾಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 3(5), ಅಂದರೆ ಹಳೇ ಐಪಿಸಿಯ 34, ಹೇಳುವುದಿಷ್ಟು: ಹಲವರು ಸಮಾನ ಉದ್ದೇಶದಿಂದ ಒಂದು ಕೃತ್ಯ ಮಾಡಿದರೆ, ಪ್ರತಿಯೊಬ್ಬನೂ ಅದನ್ನು ತಾನೊಬ್ಬನೇ ಮಾಡಿದಂತೆ ಹೊಣೆ. ‘ಹೊರಗಿದ್ದೆ’ ಎಂಬ ವಾದ ಹೊಸದೇನಲ್ಲ. 1923ರಲ್ಲಿ ಕೋಲ್ಕತ್ತದ ಶಂಕರಿಟೋಲಾ ಅಂಚೆ ಕಚೇರಿಗೆ ಸುಲಿಗೆಗೆ ನುಗ್ಗಿದವರು ಪೋಸ್ಟ್‌ಮಾಸ್ಟರ್‌ಗೆ ಗುಂಡು ಹೊಡೆದು ಕೊಂದರು, ದುಡ್ಡು ಮುಟ್ಟದೇ ಓಡಿದರು. ಸಿಕ್ಕಿಬಿದ್ದ ಬರೇಂದ್ರ ಕುಮಾರ್ ಘೋಷ್ ‘ನಾನು ಅಂಗಳದಲ್ಲಿ ಹೆದರಿಕೊಂಡು ನಿಂತಿದ್ದೆ’ ಎಂದ. ಹೊರಗೆ ನಿಂತು ಕಾಯುವುದೂ ಆ ಕೆಲಸದ ಪಾಲೇ ಎಂದು, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಶಿಕ್ಷೆಯನ್ನು ಎತ್ತಿಹಿಡಿಯಿತು. ನೂರು ವರ್ಷವಾದರೂ ಆ ತೀರ್ಪು ಕೋರ್ಟುಗಳಲ್ಲಿ ಚಾಲ್ತಿಯಲ್ಲಿದೆ.

ಹಾಗಂತ ಜೊತೆಗೆ ಹೋದವರೆಲ್ಲ ತಾನಾಗಿ ಕೊಲೆಗಾರರಾಗುವುದಿಲ್ಲ. ಅದು ಅಮೆರಿಕದ ಹಲವು ರಾಜ್ಯಗಳ ನಿಯಮ, ಓಟಿಟಿಯಲ್ಲಿ ನೋಡಿದ್ದನ್ನು ಇಲ್ಲಿಗೆ ತರಬೇಡಿ. ನಮ್ಮಲ್ಲಿ ಕಲಂ 3(9) ಕೂಡ ಇದೆ: ಒಂದೇ ಕೃತ್ಯದಲ್ಲಿ ಪಾಲ್ಗೊಂಡವರು ಬೇರೆ ಬೇರೆ ಅಪರಾಧಕ್ಕೆ ಹೊಣೆಯಾಗಬಹುದು. ಆದ್ದರಿಂದ ದೋಷಾರೋಪ ಪಟ್ಟಿಯನ್ನು ಕಲಂ ಕಲಂ ಬಿಡಿಸಿ ಓದಬೇಕು.

ಕೊಲೆಯ 103(1) ಅನ್ನು 3(5)ರ ಜೊತೆ ಹಾಕಿದ್ದರೆ ಗೆಲ್ಲುವುದು ಸೋಲುವುದು ಮೇಲೆ ಹೇಳಿದ ರಾಡಿನ ಮೇಲೆ. ಆದರೆ ಕೊಲೆಯಿಂದ ಪಾರಾದರೂ 309(6) ಬಿಡುವುದಿಲ್ಲ. ಸುಲಿಗೆ ಮಾಡುವಾಗ ಒಬ್ಬ ಗಾಯ ಮಾಡಿದರೂ, ಆ ಸುಲಿಗೆಯಲ್ಲಿ ಜೊತೆಗೂಡಿದ ಎಲ್ಲರಿಗೂ ಜೀವಾವಧಿವರೆಗೆ ಶಿಕ್ಷೆ ಅಂತ ಆ ಕಲಂನಲ್ಲೇ ಬರೆದಿದೆ. ರಾತ್ರಿ ಕನ್ನ ಹಾಕುವಾಗ ಸಾವಾದರೆ 331(8) ಕೂಡ ಹಾಗೆಯೇ, ಜೊತೆಗಿದ್ದವರನ್ನೆಲ್ಲ ಹಿಡಿಯುತ್ತದೆ. ಇವೆರಡರಲ್ಲಿ ‘ಬೈಕ್ ಮೇಲೆ ಕೂತಿದ್ದ’ ಎಂಬ ಮಾತು ಸಮರ್ಥನೆಯಲ್ಲ, ತಪ್ಪೊಪ್ಪಿಗೆ.

311 (ಹಳೇ 397) ಇದಕ್ಕೆ ತದ್ವಿರುದ್ಧ. ಮಾರಕಾಸ್ತ್ರ ಬಳಸಿದರೆ ಕನಿಷ್ಠ 7 ವರ್ಷ, ಆದರೆ ಅದು ಬಳಸಿದವನಿಗೆ ಮಾತ್ರ. ಸುಪ್ರೀಂ ಕೋರ್ಟು 1975ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಆದರೂ ನಾಲ್ವರಿಗೂ 311 ಬಡಿದ ಪಟ್ಟಿಗಳು ಬರುತ್ತವೆ, ಅದನ್ನು ಆರೋಪ ಹೊರಿಸುವ ಹಂತದಲ್ಲೇ ಪ್ರಶ್ನಿಸಬೇಕು. ಕೇಸು ಸೆಷನ್ಸ್‌ಗೆ ಒಪ್ಪಿಸಿದ ದಿನದಿಂದ 60 ದಿನದೊಳಗೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ) ಕಲಂ 250ರಡಿ, ಆರೋಪದಿಂದಲೇ ಕೈಬಿಡಿ ಎಂಬ ಬಿಡುಗಡೆ ಅರ್ಜಿ ಹಾಕಬೇಕು. ಐಪಿಸಿ ಕಾಲದಲ್ಲಿ ಹೀಗೆ ಗಡುವು ಇರಲಿಲ್ಲ.

ಒಳಸಂಚಿನ 61(2) ಪ್ರತ್ಯೇಕ ಅಪರಾಧ. ಅಪರಾಧ ಮಾಡೋಣವೆಂದು ಇಬ್ಬರು ಒಪ್ಪಿಕೊಂಡರೆ ಅಲ್ಲಿಗೇ ಅದು ಪೂರ್ತಿ, ಬೈಕಿಗೆ ಪೆಟ್ರೋಲ್ ಹಾಕಿಸುವುದೂ ಬೇಕಿಲ್ಲ. ಆದರೆ ಆ ಒಪ್ಪಂದ ಯಾವುದಕ್ಕೆ, ಸುಲಿಗೆಗೋ ಕೊಲೆಗೋ ಎಂಬುದನ್ನು ಸರ್ಕಾರದ ಕಡೆಯವರು ಸಾಬೀತು ಮಾಡಬೇಕು.

ಇನ್ನು ಸಾಕ್ಷ್ಯ. ಬಂಧನದ ನಂತರ ಗೆಳೆಯ ಠಾಣೆಯಲ್ಲಿ ಹೇಳಿದ ‘ಅವನೂ ಇದ್ದ’ ಎಂಬ ಮಾತು ನಿಮ್ಮ ತಮ್ಮನ ವಿರುದ್ಧ ನಡೆಯುವುದಿಲ್ಲ. ಸಂಚು ಜೀವಂತವಿದ್ದಾಗ ಆಡಿದ್ದು, ಮಾಡಿದ್ದಷ್ಟೇ ಸಾಕ್ಷ್ಯ ಅಧಿನಿಯಮದ ಕಲಂ 8ಕ್ಕೆ ಬರುತ್ತದೆ. ಆದರೆ ‘ಪೊಲೀಸರ ಮುಂದೆ ಹೇಳಿದ್ದು ಪೂರಾ ರದ್ದಿ’ ಎಂದು ಕಟ್ಟೆ ಮೇಲೆ ಕೂತವರು ಹೇಳುವುದನ್ನು ನಂಬಬೇಡಿ. ‘ರಾಡು ಕಾಲುವೆ ದಂಡೆಯ ಜಾಲಿಪೊದೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂದು ಆರೋಪಿ ಹೇಳಿ, ಅದು ಅಲ್ಲೇ ಸಿಕ್ಕರೆ ಅಷ್ಟು ಮಾತು ಹೇಳಿದವನ ವಿರುದ್ಧ ಸಾಕ್ಷ್ಯವೇ. ಪಕ್ಕದಲ್ಲೇ ಹೇಳಿದ ‘ಇದರಿಂದಲೇ ಹೊಡೆದೆ’ ಎಂಬುದು ಅಲ್ಲ. ಪಂಚನಾಮೆಯಲ್ಲಿ ಇವೆರಡನ್ನೂ ಒಟ್ಟಿಗೆ ಹೊಲಿದಿರುತ್ತಾರೆ, ವಕೀಲರು ಬಿಚ್ಚಬೇಕು. ಮೊಬೈಲ್ ಟವರ್ ದಾಖಲೆ ಫೋನು ಯಾವ ಭಾಗದಲ್ಲಿತ್ತು ಎಂದಷ್ಟೇ ಹೇಳುತ್ತದೆ, ಅಂಗಡಿ ಮುಂದಿತ್ತು ಎಂದಲ್ಲ. ಹಳ್ಳಿ ಕಡೆ ಒಂದು ಟವರ್ ಕೆಳಗೆ ಹಲವು ಊರು ಬರುತ್ತವೆ. ಸಿಸಿಟಿವಿ, ಕರೆ ವಿವರ ಎರಡಕ್ಕೂ ಅದೇ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕೆನ್ನುವ ಪ್ರಮಾಣಪತ್ರ ಇದೆಯೇ ನೋಡಿಸಿ.

ಜಾಮೀನಿಗೆ ಒಂದೇ ಮಾತು: ಕೊಲೆ ಕೇಸಿನಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಎಣಿಕೆ ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮಾಂಡ್ ಮಾಡಿದ ದಿನದಿಂದ, ಆ ದಿನವೂ ಸೇರಿ. 91ನೇ ದಿನ ಬೆಳಿಗ್ಗೆ ಕೋರ್ಟು ತೆರೆಯುವಾಗಲೇ ಅರ್ಜಿ ಕೈಯಲ್ಲಿರಬೇಕು. ನೀವು ಅರ್ಜಿ ಹಾಕುವ ಮೊದಲೇ ಪಟ್ಟಿ ಬಂದರೆ ಹಕ್ಕು ಹೋಯಿತು. ಸೆಷನ್ಸ್‌ನಲ್ಲಿ ಮಾಮೂಲಿ ಜಾಮೀನು ತಿರಸ್ಕೃತವಾದರೆ ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ ಬಳ್ಳಾರಿಯವರು ಧಾರವಾಡ ಪೀಠಕ್ಕೆ. ‘ಹೆಸರು ತೆಗೆಸಿಕೊಡುತ್ತೇನೆ’ ಎಂದು ಠಾಣೆ ಮುಂದಿನ ಚಹಾ ಅಂಗಡಿಯಲ್ಲಿ ದುಡ್ಡು ಎಣಿಸಿಕೊಳ್ಳುವವನು ನಿಮ್ಮ ದುಡ್ಡನ್ನು ಮಾತ್ರ ತೆಗೆಯುತ್ತಾನೆ. ತಮ್ಮ ಊರಲ್ಲೇ ಇರಲಿಲ್ಲ ಎಂದು 100 ರೂಪಾಯಿ ಬಾಂಡ್ ಮೇಲೆ ಅಫಿಡವಿಟ್ ಮಾಡಿಸುವ ಯೋಚನೆಯೂ ಬೇಡ. ಸಿಸಿಟಿವಿಯಲ್ಲಿ ಬೈಕ್ ನಂಬರ್ ಸಿಕ್ಕ ದಿನ ಆ ಕಾಗದವೇ ನಿಮ್ಮ ಕೊರಳಿಗೆ.

ಪ್ರಶ್ನೆ: ಅಂಗಡಿಯಲ್ಲಿ ದುಡ್ಡು ಯಾವ ದಿನ ಇರುತ್ತದೆಂದು ಗುಮಾಸ್ತ ಹೇಳಿದ, ಅಷ್ಟೇ. ಅವನು ಆ ರಾತ್ರಿ ಗಂಗಾವತಿಯಲ್ಲಿದ್ದ. ಕಾವಲುಗಾರನ ಕೊಲೆಗೆ ಅವನೂ ಹೊಣೆಯೇ? (ಕಾರಟಗಿ)

ದೂರವಿದ್ದರೆ ಪಾರು ಎಂದು ಯಾರು ಹೇಳಿದರೋ! ನ್ಯಾಯ ಸಂಹಿತೆಯ ಕಲಂ 51ರಲ್ಲೇ ಉದಾಹರಣೆ ಇದೆ: ಆಯುಧ ಕೊಟ್ಟು ರಾತ್ರಿ ಸುಲಿಗೆಗೆ ಕಳಿಸಿದಾಗ, ತಡೆಯಲು ಬಂದವನ ಕೊಲೆಯಾದರೆ, ಅದು ಸಂಭವನೀಯ ಪರಿಣಾಮವಾಗಿದ್ದಲ್ಲಿ ಕಳಿಸಿದವನಿಗೂ ಕೊಲೆಯ ಶಿಕ್ಷೆ. ಗುಮಾಸ್ತ ಆಯುಧ ಕೊಟ್ಟಿಲ್ಲ, ಹೌದು. ಆದರೆ ರಾತ್ರಿ ಅಲ್ಲಿ ಕಾವಲುಗಾರ ಮಲಗುತ್ತಾನೆಂದು ಅವನಿಗೆ ಗೊತ್ತಿತ್ತಲ್ಲ? ಜಗಳವೆಲ್ಲ ಇದರ ಮೇಲೆಯೇ ನಡೆಯುತ್ತದೆ.

ಪ್ರಶ್ನೆ: ಐದನೆಯವನು ಬರೀ ಕಾವಲು ನಿಂತಿದ್ದ. ದರೋಡೆ ಹೇಗಾಗುತ್ತದೆ?

ಐವರು ಅಥವಾ ಹೆಚ್ಚು ಜನ ಸೇರಿ ಮಾಡಿದ ಸುಲಿಗೆಯೇ ದರೋಡೆ. ಹಾಜರಿದ್ದು ನೆರವಾದವನೂ ಆ ಐದರ ಲೆಕ್ಕಕ್ಕೆ ಸೇರುತ್ತಾನೆ. ಐವರಾದರೆ 310(3): ಅವರಲ್ಲಿ ಒಬ್ಬ ಕೊಂದರೂ ಪ್ರತಿಯೊಬ್ಬನಿಗೂ ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ 10 ವರ್ಷ. ಇಲ್ಲಿ ಸಮಾನ ಉದ್ದೇಶ ಹುಡುಕುವ ಗೋಜೂ ಇಲ್ಲ.

ಪ್ರಶ್ನೆ: ಮಾಫಿ ಸಾಕ್ಷಿಯಾದರೆ ಮರುದಿನವೇ ಮನೆಗೆ ಬಿಡುತ್ತಾರಂತೆ?

ಸುಳ್ಳು. ಕ್ಷಮೆ ಪಡೆದು ಜೊತೆಗಾರರ ವಿರುದ್ಧ ಸಾಕ್ಷಿ ಹೇಳುವ ಆರೋಪಿಯೂ ಮೊದಲೇ ಜಾಮೀನಿನಲ್ಲಿ ಇಲ್ಲದಿದ್ದರೆ ವಿಚಾರಣೆ ಮುಗಿಯುವತನಕ ಒಳಗೇ.

ಪ್ರಶ್ನೆ: ಘಟನೆ 2024ರ ಮೇ ತಿಂಗಳಿನದು. ಯಾವ ಕಾನೂನು?

ಐಪಿಸಿ. ಹೊಸದು ಜುಲೈ 1ರಿಂದ.

ಪ್ರಶ್ನೆ: ಮಗನನ್ನು ಅವನ ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇಟ್ಟರೆ? (ಸಿರುಗುಪ್ಪ, ತಾಯಿ)

ಬೇಡಮ್ಮಾ. ಸುಲಿಗೆ ಮಾಡಿದವರಿಗೆ ಗೊತ್ತಿದ್ದೂ ಆಶ್ರಯ ಕೊಟ್ಟರೆ ನ್ಯಾಯ ಸಂಹಿತೆಯ ಕಲಂ 254ರಲ್ಲಿ 7 ವರ್ಷದವರೆಗೆ ಶಿಕ್ಷೆ. ವಿನಾಯಿತಿ ಇರುವುದು ಗಂಡ ಹೆಂಡತಿಗೆ ಮಾತ್ರ. ತಾಯಿಗೂ ಇಲ್ಲ, ಅಕ್ಕನಿಗೂ ಇಲ್ಲ. ವಕೀಲರನ್ನು ಕರೆದುಕೊಂಡು ಹಗಲು ಹೊತ್ತಿನಲ್ಲಿ ಕೋರ್ಟಿಗೆ ಹಾಜರುಪಡಿಸಿ. ಅವನ ಫೋನಿನಿಂದ ಏನನ್ನೂ ಅಳಿಸಬೇಡಿ.