ಮಡಿಕೇರಿಯಲ್ಲಿ ಟ್ರೈನರ್ ವಿಮಾನಕ್ಕೆ .40 ಎಂಜಿನ್ ಸಾಕಾ, .60 ಬೇಕಾ?

ನಿಮ್ಮದು 60 ಇಂಚ್ ರೆಕ್ಕೆಯ, ಎರಡೂವರೆ ಕೆಜಿ ತೂಗುವ ರೇಡಿಯೊ ಕಂಟ್ರೋಲ್ ಟ್ರೈನರ್, ಅಂದರೆ ಹಾರಿಸಲು ಕಲಿಯುವ ಮಾದರಿ ವಿಮಾನ. ಕಿಟ್ ಪೆಟ್ಟಿಗೆಯ ಮೇಲೆ .40ರಿಂದ .46 ಎಂದು ಬರೆದಿದೆ, ಅದು ಘನ ಇಂಚಿನಲ್ಲಿ ಎಂಜಿನ್ ಗಾತ್ರ. ಮಂಗಳೂರಿನ ಗೆಳೆಯರು .40 ಸಾಕು ಅಂದಿದ್ದಾರೆ, ಇನ್ನೊಬ್ಬರು ಬೆಟ್ಟದ ಊರಿಗೆ .60 ಹಾಕಿ ಅಂದಿದ್ದಾರೆ. ನಾನಾದರೆ .46 ಹಾಕುತ್ತೇನೆ. ನಾನೂ ಮಡಿಕೇರಿ ಕಡೆಯವನೇ, ನನ್ನ ಟ್ರೈನರ್‌ನಲ್ಲಿ ಇರುವುದೂ ಅದೇ.

ನಿಮ್ಮ ಗೆಳೆಯರ ಮಾತು ಮಂಗಳೂರಿಗೆ ಸರಿ. ಅಲ್ಲಿ ಸಮುದ್ರ ಪಕ್ಕದಲ್ಲೇ ಇದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ಹೆಚ್ಚುಕಮ್ಮಿ ಶೇ. 10ರಷ್ಟು ತೆಳು. ಎಂಜಿನ್ ಒಳಗೆಳೆಯುವ ಗಾಳಿ ಎಷ್ಟು ಕಡಿಮೆಯೋ ಶಕ್ತಿಯೂ ಸುಮಾರು ಅಷ್ಟೇ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: .46ರಲ್ಲಿ ಹತ್ತನೇ ಒಂದು ಭಾಗ ಕಳೆದರೆ .41. ಅವರ .40 ಕೊಡುವ ಜೋರು ನಮಗೆ ಬೇಕಾದರೆ .46 ಬೇಕೇ ಬೇಕು.

ರೆಕ್ಕೆಗೂ ಅದೇ ತೆಳು ಗಾಳಿ ಅಲ್ವಾ? ಅಷ್ಟೇ ತೂಕ ಎತ್ತೋಕೆ ಶೇ. 5ರಷ್ಟು ಜಾಸ್ತಿ ವೇಗ ಬೇಕು. ಓಟ ಉದ್ದವಾಗುತ್ತದೆ. ನಮ್ಮಲ್ಲಿ ಓಡಿಸೋಕೆ ಜಾಗ ಎಲ್ಲಿದೆ ಹೇಳಿ? ಕೊಯ್ಲಾದ ಗದ್ದೆ, ಇಲ್ಲಾಂದ್ರೆ ಹಾಕಿ ಮೈದಾನ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾಯಿತೆಂದರೆ ಮೈದಾನದ ಆಸೆ ಬಿಡಿ. ಗದ್ದೆಯಲ್ಲಿ ಕೂಳೆ ಚಕ್ರವನ್ನು ಹಿಡಿಯುತ್ತದೆ, ಹೇಗೋ ಎದ್ದರೆ ಎದುರಿಗೇ ತೋಟದ ಸಿಲ್ವರ್ ಓಕ್ ಸಾಲು.

ಹಾಗಾದರೆ .60 ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಅಲ್ಲ. ಸಾಮಾನ್ಯವಾಗಿ .60 ಎಂಜಿನ್ .46ಕ್ಕಿಂತ ಸುಮಾರು 150 ಗ್ರಾಂ ಭಾರ, ಅದೂ ಮೂತಿಯ ತುದಿಯಲ್ಲಿ. ಸಮತೂಕಕ್ಕೆ ಬಾಲದಲ್ಲಿ ಸೀಸ ಕಟ್ಟಬೇಕು. ಒಟ್ಟು ತೂಕ ಏರಿತು, ಇಳಿಯುವ ವೇಗವೂ ಏರಿತು. ಈಗಾಗಲೇ ಇಲ್ಲಿ ಜೋರಾಗಿ ಇಳಿಯುವ ವಿಮಾನ ಬದುವಿಗೆ ಹೋಗಿ ಬಡಿಯುತ್ತದೆ. ಸುಮ್ನೆ ಇಂಧನವೂ ಜಾಸ್ತಿ ಕುಡಿಯುತ್ತದೆ, .40ಕ್ಕೆ ಅಂತ ಮಾಡಿದ ಮೂತಿಯೂ ಅದುರಿ ಸಡಿಲವಾಗುತ್ತದೆ. ಫೋರ್ ಸ್ಟ್ರೋಕ್ ಸದ್ದು ಇಷ್ಟ ಇದ್ದರೆ .70 ಫೋರ್ ಸ್ಟ್ರೋಕ್ ಹೆಚ್ಚುಕಮ್ಮಿ ಈ ಟೂ ಸ್ಟ್ರೋಕ್ .46ಕ್ಕೆ ಸಮ, ಬೆಲೆ ಮಾತ್ರ ಸಮ ಅಲ್ಲ.

ದುಡ್ಡು ಮಿಕ್ಕರೆ ಪ್ರೊಪೆಲ್ಲರ್‌ಗೆ ಹಾಕಿ. ಕರಾವಳಿಯಲ್ಲಿ 10×6 ಹಾಕುವ ಕಡೆ ಇಲ್ಲಿ 11×5 ಹಾಕಿ ನೋಡಿ. ಮೊದಲ ಅಂಕಿ ಇಂಚಿನಲ್ಲಿ ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ. ಇಲ್ಲಿ ವ್ಯಾಸ ಜಾಸ್ತಿ, ಪಿಚ್ ಕಡಿಮೆ. ವಿಮಾನದ ಗರಿಷ್ಠ ವೇಗ ಸ್ವಲ್ಪ ಕಮ್ಮಿಯಾದರೂ ನೆಲದಿಂದ ಎಳೆದು ಮೇಲೆತ್ತುತ್ತದೆ, ನಮಗೆ ಬೇಕಾಗಿರುವುದೂ ಅದೇ.

ಮಂಗಳೂರಿನಲ್ಲಿ ಹೊಂದಿಸಿದ ಸೂಜಿಯನ್ನು (ಎಂಜಿನ್‌ಗೆ ಹೋಗುವ ಇಂಧನದ ಪ್ರಮಾಣ ಹೊಂದಿಸುವ ತಿರುಪು) ಇಲ್ಲಿ ಹಾಗೇ ಬಿಡಬೇಡಿ. ತೆಳು ಗಾಳಿಗೆ ಆ ಇಂಧನ ಹೆಚ್ಚಾಗುತ್ತದೆ, ಒಂಚೂರು ಒಳಗೆ ತಿರುಗಿಸಿ. ಆಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಯಾರಾದರೂ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂತಿ ಆಕಾಶಕ್ಕೆ ಎತ್ತಲಿ. ಸದ್ದು ಕುಗ್ಗಿದರೆ ಸೂಜಿ ಅತಿಯಾಗಿ ಮುಚ್ಚಿದೆ ಎಂದರ್ಥ, ಸ್ವಲ್ಪ ತೆರೆಯಿರಿ. ಇಂಧನದ ಡಬ್ಬದ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಅದರಲ್ಲಿರುವ ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವೇ?

11 ಇಂಚ್ ಹಾಕುವ ಮುಂಚೆ ಮುಂದಿನ ಚಕ್ರದ ಎತ್ತರ ನೋಡಿಕೊಳ್ಳಿ, ತುದಿ ಕೂಳೆಗೆ ತಾಗಬಾರದು. ಪ್ರೊಪೆಲ್ಲರ್ ಎರಡು ಮೂರು ಒಟ್ಟಿಗೇ ತಗೊಳ್ಳಿ, ಗದ್ದೆಯಲ್ಲಿ ಮೊದಲು ಮುರಿಯೋದು ಅದೇ.