ಇಗ್ನಿಷನ್ ಲಾಕ್ ಬದಲಾಯಿಸಿದ ಮೇಲೆ ಅದರ ಕೀ ಕಳೆದುಹೋಗಿದೆ. ಬಾಗಿಲು ಹಳೇ ಕೀಯಲ್ಲಿ ತೆಗೆಯುತ್ತೆ, ಗಾಡಿ ಸ್ಟಾರ್ಟ್ ಮಾಡೋದು ಹೇಗೆ?

ನಿಮ್ಮದು ಹಳೇ ವ್ಯಾಗನ್ ಆರ್, ಇರೋದು ತುಮಕೂರಲ್ಲಿ ಅಂದಿದ್ದೀರಿ. ಮೊದಲು ಆ ಹಳೇ ಕೀಯನ್ನು ಜೋಪಾನ ಮಾಡಿ. ಬಾಗಿಲಿಗೆ ಮಾತ್ರ ಅಂದುಕೊಂಡು ಎಲ್ಲೋ ಎಸೆದುಬಿಟ್ಟೀರಿ.

ಸಿರಾ ಗೇಟ್ ಕಡೆ ಗ್ಯಾರೇಜಲ್ಲಿ ವೈರಿಂಗ್ ಕೆಲಸ ನನ್ನದು. ಇಂಥ ಗಾಡಿಗಳು ಬರುತ್ತಲೇ ಇರುತ್ತವೆ. ಕೀಯಲ್ಲಿ ಎರಡು ಕೆಲಸ ಇದೆ. ಲೋಹದ ಹಲ್ಲು ಲಾಕ್ ತಿರುಗಿಸುತ್ತೆ. ಕೀಯ ತಲೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪನ್ನು ಲಾಕಿನ ಸುತ್ತ ಇರೋ ಕಾಯಿಲ್, ಅಂದರೆ ತಂತಿ ಸುರುಳಿ, ಓದುತ್ತೆ; ಸರಿಯಿದ್ದರೆ ಮಾತ್ರ ಗಾಡಿಯ ಕಂಪ್ಯೂಟರ್ ಇಂಜಿನ್ ಹತ್ತೋಕೆ ಬಿಡುತ್ತೆ. ಮಾರುತಿಯವರು ಇದಕ್ಕೆ ಐಕ್ಯಾಟ್ಸ್ ಅಂತಾರೆ. ಲಾಕ್ ಬದಲಾಯಿಸಿದಾಗ ಬದಲಾಗಿದ್ದು ಹಲ್ಲು ಅಷ್ಟೇ. ಯಾರೂ ಗಾಡಿಯ ಕಂಪ್ಯೂಟರಿಗೆ ಜೋಡಿಸೋ ಸ್ಕ್ಯಾನರ್ ಹಾಕಿ ಅಳಿಸಿಲ್ಲದಿದ್ದರೆ ನಿಮ್ಮ ಹಳೇ ಕೀಯ ಚಿಪ್ಪು ಗಾಡಿಯ ನೆನಪಲ್ಲಿ ಇನ್ನೂ ಇದೆ. ಅಂದರೆ ನಿಮಗೆ ಬೇಕಾಗಿರೋದು ಬರೀ ಹಲ್ಲು ಕಡಿದ ಒಂದು ಕೀ. ಅದನ್ನು ಹಾಕಿ, ಹಳೇ ಕೀಯ ತಲೆಯನ್ನು ಲಾಕಿಗೆ ತಾಗಿಸಿ ಹಿಡಿದು ತಿರುಗಿಸಿ ನೋಡಿ. ಇಂಜಿನ್ ಹತ್ತಿ ನಿಲ್ಲದೆ ಓಡಿದರೆ ಆ ಚಿಪ್ಪನ್ನೇ ಹೊಸ ಕೀಯೊಳಗೆ ಕೂರಿಸಬಹುದು.

ಶೋರೂಮಿಗೆ ಹೋಗಿ ಚಾಸಿಸ್ ನಂಬರ್ ಕೊಟ್ಟು ಕೀ ಆರ್ಡರ್ ಮಾಡಬೇಡಿ. ಅವರ ದಾಖಲೆಯಲ್ಲಿರೋದು ಕಂಪನಿಯಿಂದ ಬಂದಾಗಿನ ಕೀ ನಂಬರು. ಅದರಿಂದ ಕಡಿದ ಕೀ ಬಾಗಿಲು ತೆಗೆಯುತ್ತೆ, ಅದು ನಿಮ್ಮ ಹತ್ತಿರ ಆಗಲೇ ಇದೆ! ಹೊಸ ಲಾಕಿನ ಜೊತೆ ಕೀ ನಂಬರಿನ ಸಣ್ಣ ಬಿಲ್ಲೆಯನ್ನೂ ಸಾಮಾನ್ಯವಾಗಿ ಕೊಟ್ಟಿರ್ತಾರೆ. ಬಿಲ್ಲಿನ ಜೊತೆ, ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಹುಡುಕಿ. ಸಿಕ್ಕಿದರೆ ಆ ನಂಬರಿಗೇ ಕೀ ಕಡಿಸಬಹುದು. ಇಲ್ಲದಿದ್ದರೆ ಕಾರಿನ ಕೀ ಮಾಡೋರನ್ನು ಗಾಡಿ ಇದ್ದಲ್ಲಿಗೇ ಕರೆಸಿ. ಖಾಲಿ ಕೀ ಹಾಕಿ ಒತ್ತಿ, ಬಿದ್ದ ಗುರುತು ನೋಡಿ ಅರದಿಂದ ಉಜ್ಜುತ್ತಾ ಹಲ್ಲು ಕೂರಿಸ್ತಾರೆ. ಅವಸರ ಮಾಡಬೇಡಿ, ನುರಿತ ಕೈಗೂ ಸಮಯ ಹಿಡಿಯುತ್ತೆ. ಆರ್‌ಸಿ ತೋರಿಸಿ ಅಂತಾರೆ, ಕೇಳದವನ ಹತ್ತಿರ ಮಾಡಿಸಲೇಬೇಡಿ.

ಸ್ಟೀರಿಂಗ್ ಲಾಕಾಗಿದ್ದರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ.

ಇನ್ನೊಂದು ವಿಷಯ. ಚಿಪ್ಪಿಲ್ಲದ ಕೀ ಕೊಟ್ಟು, ಬೇರೆ ಚಿಪ್ಪೊಂದನ್ನು ಸ್ಟೀರಿಂಗ್ ಕವರಿನೊಳಗೆ ಟೇಪ್ ಸುತ್ತಿಡೋ ಮೆಕ್ಯಾನಿಕ್‌ಗಳೂ ಇದ್ದಾರೆ. ಕೆಲಸ ಸಲೀಸು, ಆದರೆ ಗಾಡಿಗೆ ಕಾವಲೇ ಹೋಯಿತು. ಹಲ್ಲು ಹೊಂದೋ ಕೀ ಇದ್ದರೆ ಯಾರು ಬೇಕಾದರೂ ಓಡಿಸಿಕೊಂಡು ಹೋಗಬಹುದು. ಕವರ್ ಬಿಚ್ಚಿಸಿ ನೋಡಿ, ಇದ್ದರೆ ತೆಗೆಸಿ.

ಕಳೆದ ಕೀಯಲ್ಲಿ ಚಿಪ್ಪಿತ್ತು ಅನ್ನೋದಾದರೆ ಸ್ಕ್ಯಾನರಲ್ಲಿ ಅದನ್ನು ಅಳಿಸಿಸಿ. ಉಳಿದ ಕೀಗಳನ್ನೆಲ್ಲ ಒಯ್ಯಿರಿ, ಅವನ್ನು ಗಾಡಿಯ ನೆನಪಿಗೆ ಮತ್ತೆ ಸೇರಿಸಬೇಕಾಗಬಹುದು. ಲಾಕ್ ಬದಲಾಯಿಸಿದ ಬಿಲ್ಲನ್ನೂ ಇಟ್ಟುಕೊಂಡಿರಿ. ನಾಳೆ ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಮೊದಲು ಕೇಳೋದರಲ್ಲಿ ಕೀಗಳೂ ಸೇರಿರುತ್ತವೆ. ಎರಡು ಬೇರೆ ಬೇರೆ ಹಲ್ಲಿನ ಕೀ ಯಾಕಿದೆ ಅನ್ನೋದಕ್ಕೆ ಆ ಬಿಲ್ಲೇ ಉತ್ತರ.