ಸೇವೆಗೆ ಕರೆ ಬಂದಿದೆ, ಕೆಲಸ ಬಿಡಬೇಕಾ?

ಪ್ರಶ್ನೆ: ನಾನು ಶಾರ್ಜಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮವರು ದುಬೈನ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಊರು ಗದಗ-ಬೆಟಗೇರಿ. ಇಬ್ಬರೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೇ ಬೆಳೆದವರು. ಇಲ್ಲಿ ಚರ್ಚ್ ಕಾಂಪೌಂಡಿನ ಒಂದು ಹಾಲ್‌ನಲ್ಲಿ ವಾರಕ್ಕೊಮ್ಮೆ ಕನ್ನಡ ಆರಾಧನೆ ನಡೆಯುತ್ತದೆ. ಚಿಕ್ಕ ಸಭೆ. ಇಷ್ಟು ವರ್ಷ ನಡೆಸಿದ ಹಿರಿಯ ಪಾಸ್ಟರ್ ಈಗ ಊರಿಗೆ ಮರಳುತ್ತಿದ್ದಾರೆ. ‘ನೀವೇ ಪೂರ್ಣಾವಧಿ ಸೇವೆಗೆ ಬನ್ನಿ’ ಎಂದು ಎಲ್ಲರೂ ನಮ್ಮವರನ್ನು ಕೇಳಿದ್ದಾರೆ. ಇವರು ರಾಜೀನಾಮೆ ಪತ್ರ ಬರೆದೂ ಇಟ್ಟಿದ್ದಾರೆ. ಮಗಳು ಒಂಬತ್ತನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಹುಬ್ಬಳ್ಳಿಯಲ್ಲಿ ಮನೆ ಸಾಲ ಇದೆ. ಸಂಬಳ ಎಷ್ಟು ಅಂತ ಕೇಳಿದರೆ ‘ದೇವರು ಒದಗಿಸುತ್ತಾನೆ’ ಎನ್ನುತ್ತಾರೆ. ಸ್ವಲ್ಪ ತಾಳಿ ಅಂದದ್ದಕ್ಕೆ ‘ನೀನು ದೇವರ ಕರೆಗೆ ಅಡ್ಡ ಬರುತ್ತಿದ್ದೀಯ’ ಅಂದರು. ಮಹಿಳಾ ಕೂಟದಲ್ಲಿ ಆಗಲೇ ನನ್ನನ್ನು ಪಾಸ್ಟರಮ್ಮ ಅಂತ ಕರೆಯುತ್ತಾರೆ. ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಸಿಟ್ಟು ಬಂತಲ್ಲ ಅಂತ ಆಮೇಲೆ ಭಯವೂ ಆಗುತ್ತದೆ. ನಾನು ಪಾಪ ಮಾಡುತ್ತಿದ್ದೀನಾ?
— ಹೆಸರು ಬೇಡ, ಶಾರ್ಜಾ

ಸಹೋದರಿ,

ಇಲ್ಲ. ‘ತಾಳಿ’ ಅನ್ನುವುದು ಪಾಪವಲ್ಲ. ಮನೆಯಲ್ಲಿ ಯಾರಾದರೂ ಒಬ್ಬರು ಅದನ್ನು ಹೇಳಲೇಬೇಕಿತ್ತು. ನೀವು ಹೇಳಿದ್ದೀರಿ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ನಿಮ್ಮವರಿಗೆ ಬಂದ ಕರೆ. ಇನ್ನೊಂದು, ರಾಜೀನಾಮೆ ಪತ್ರ. ಕರೆ ನಿಜವೋ ಅಲ್ಲವೋ ಎಂದು ತೀರ್ಪು ಕೊಡಲು ನಾನು ಯಾರು? ನಿಜ ಅಂತಲೇ ಇಟ್ಟುಕೊಳ್ಳೋಣ. ಆದರೂ ಈ ತಿಂಗಳೇ ಕೆಲಸ ಬಿಡಬೇಕು ಅಂತ ಆ ಕರೆಯಲ್ಲಿ ಎಲ್ಲಿ ಬರೆದಿದೆ? ಅದನ್ನು ಸೇರಿಸಿದ್ದು ಸಭೆಯ ಮನುಷ್ಯರು. ಅವರೆಲ್ಲರ ಸಂಬಳ ಮುಂದಿನ ತಿಂಗಳೂ ಬ್ಯಾಂಕಿಗೆ ಬರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಇವತ್ತು ರಾತ್ರಿ ಇಬ್ಬರೂ ಕೂತು ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಓದಿ. ಪೌಲ ಕೊರಿಂಥಕ್ಕೆ ಬರುತ್ತಾನೆ. ಅವನಿಗೂ ಅದು ಪರದೇಶವೇ. ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿ ಉಳಿದು, ಅವರ ಜೊತೆ ಗುಡಾರ ಮಾಡುವ ಕೆಲಸಕ್ಕೆ ಇಳಿಯುತ್ತಾನೆ. ಸಬ್ಬತ್ ದಿನಗಳಲ್ಲಿ ಮಾತ್ರ ಸಭಾಮಂದಿರದಲ್ಲಿ ಬೋಧನೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮುಂದಿನದನ್ನು ನಿಧಾನವಾಗಿ ಓದಿ. ಅವನ ಜೊತೆಗಾರರಾದ ಸೀಲನೂ ತಿಮೊಥೆಯೂ ಮಕೆದೋನ್ಯದಿಂದ ಬಂದ ಮೇಲೆ ಅವನು ಪೂರ್ತಿಯಾಗಿ ವಾಕ್ಯ ಸಾರುವುದಕ್ಕೆ ನಿಲ್ಲುತ್ತಾನೆ. ಮಕೆದೋನ್ಯದಿಂದ ಬಂದ ಸಹೋದರರು ತನ್ನ ಕೊರತೆ ನೀಗಿಸಿದರು ಎಂದು 2 ಕೊರಿಂಥ 11ರಲ್ಲಿ ಅವನೇ ಬರೆಯುತ್ತಾನೆ. ಅಂದರೆ ಮೊದಲು ನೆರವು ಬಂತು, ಆಮೇಲೆ ಸೂಜಿ ಕೆಳಗಿಟ್ಟ. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಅಂತ ನಿಮ್ಮವರು ಹೇಳಲಾರರು, ಅಲ್ವಾ?

ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ನೆರಳಲ್ಲಿ ಬೆಳೆದ ಮನೆಗೆ ಇದು ಹೊಸ ಮಾತೂ ಅಲ್ಲ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಪ್ಲೆಬ್ಸ್ಟ್ ಕೂಡ ಮಿಷನ್ನಿನವರೇ. ಮಗ್ಗ, ಅಚ್ಚುಕೂಟ, ಹೆಂಚು, ಎಲ್ಲವೂ ಸುವಾರ್ತೆಯ ಜೊತೆಜೊತೆಗೇ ನಡೆದವು. ಕೈಯಲ್ಲೊಂದು ಉದ್ಯೋಗ ಇಟ್ಟುಕೊಂಡವರ ಸೇವೆ ಅರ್ಧ ಸೇವೆ ಅಂತ ಯಾರೂ ಅನ್ನಲಿಲ್ಲ.

ಈಗ ನೀವಿರುವ ದೇಶದ ವಿಷಯ. ಇದನ್ನು ಸಭೆಯವರು ಯೋಚಿಸಿದಂತೆ ಕಾಣುವುದಿಲ್ಲ. ನಿಮ್ಮವರು ಅಲ್ಲಿ ಇರುವುದು ಕಂಪನಿ ಕೊಟ್ಟ ವೀಸಾದ ಮೇಲೆ. ಕೆಲಸ ಬಿಟ್ಟರೆ ಅದು ರದ್ದಾಗುತ್ತದೆ. ಮಕ್ಕಳೂ ಅವರ ಸ್ಪಾನ್ಸರ್‌ಶಿಪ್‌ನಲ್ಲೇ ಇದ್ದರೆ ಮೊದಲು ಮಕ್ಕಳ ವೀಸಾಕ್ಕೆ ದಾರಿ ಮಾಡಬೇಕು. ಆಮೇಲೆ ಅವರಿಗೆ ಯಾರು ವೀಸಾ ಕೊಡುತ್ತಾರೆ? ನಿಮ್ಮ ಕನ್ನಡ ಸಭೆ ಕೊಡಲಾರದು. ಹಾಲ್ ಪಡೆದು ಸೇರುವ ಗುಂಪಿಗೆ ಆ ಅಧಿಕಾರ ಇರುವುದಿಲ್ಲ. ನೋಂದಾಯಿತ ಚರ್ಚ್ ಮಾತ್ರ ಕೊಡಬಹುದು. ‘ನಿನ್ನ ಸಂಬಳದ ಮೇಲೆ ನನ್ನ ವೀಸಾ ಮಾಡಿಸೋಣ’ ಎಂದು ಅವರು ಹೇಳಬಹುದು. ಹೆಂಡತಿ ಗಂಡನನ್ನು ಸ್ಪಾನ್ಸರ್ ಮಾಡುವ ದಾರಿ ಯುಎಇಯಲ್ಲಿ ಇದೆ, ಸಂಬಳದ ಮಿತಿ ಇದೆ. ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್‌ಗೆ ಹೋಗಿ ಕೇಳಿ. ಆದರೆ ಹಾಗೆ ಮಾಡಿದರೆ ಇಡೀ ಮನೆ ನಿಮ್ಮ ಒಬ್ಬರ ನೌಕರಿಯ ಮೇಲೆ ನಿಂತಂತೆ. ಆ ಮಾತನ್ನು ಬಾಯಿಬಿಟ್ಟು ಆಡಿ. ಸುಮ್ನೆ ತಲೆಯಾಡಿಸಬೇಡಿ.

ಕಾನೂನಿನ ವಿಷಯ ಇನ್ನೂ ಇದೆ. ಮುಸ್ಲಿಮೇತರರ ಆರಾಧನಾ ಸ್ಥಳಗಳಿಗೆಂದೇ ಯುಎಇ 2023ರಲ್ಲಿ ಫೆಡರಲ್ ಕಾನೂನು ತಂದಿದೆ. ಆರಾಧನೆ ಲೈಸೆನ್ಸ್ ಇರುವ ಜಾಗದಲ್ಲೇ ನಡೆಯಬೇಕು. ದೇಣಿಗೆ ಎತ್ತುವುದಕ್ಕೆ 2021ರದ್ದೇ ಬೇರೆ ಕಾನೂನಿದೆ. ‘ಪಾಸ್ಟರ್ ಸಂಬಳಕ್ಕೆ ಇಂತಿಷ್ಟು ಹಾಕಿ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳುವುದು ಅಲ್ಲಿ ಹುಡುಗಾಟವಲ್ಲ. ಮುಸ್ಲಿಮರಿಗೆ ಮತಪ್ರಚಾರ ಮಾಡುವುದು ಅಪರಾಧ ಅನ್ನುವುದು ನಿಮಗೆ ಗೊತ್ತೇ ಇದೆ. ಹೆದರಿಸಲು ಹೇಳುತ್ತಿಲ್ಲ. ಆ ದೇಶ ಚರ್ಚ್‌ಗಳಿಗೆ ಜಾಗ ಕೊಟ್ಟಿದೆ. 2024ರಲ್ಲಿ ಅಬುಧಾಬಿಯ ಅಬು ಮುರೈಖಾದಲ್ಲಿ ಹೊಸ ಸಿಎಸ್‌ಐ ಚರ್ಚ್ ತೆರೆಯಿತು. ಕಾಗದ ಸರಿ ಇದ್ದರೆ ನೆಮ್ಮದಿಯಾಗಿ ಸೇವೆ ಮಾಡಬಹುದು. ಕಾಗದ ಸರಿ ಮಾಡಿಕೊಳ್ಳಲು ಸಮಯ ಬೇಕು, ಅಷ್ಟೇ.

ದುಡ್ಡಿನ ಲೆಕ್ಕ ಅಕೌಂಟೆಂಟ್‌ಗೆ ನಾನು ಹೇಳಿಕೊಡಬೇಕಾಗಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಅದೂ ಬೇಸಿಕ್ (ಭತ್ಯೆ ಸೇರದ ಮೂಲ ಸಂಬಳ) ಮೇಲೆ. ಕೆಲಸ ಹೋದವರಿಗೆ ಸಿಗುವ ವಿಮೆ ತಾನಾಗಿ ರಾಜೀನಾಮೆ ಕೊಟ್ಟವರಿಗೆ ಸಿಗುವುದಿಲ್ಲ. ಹುಬ್ಬಳ್ಳಿ ಸಾಲದ ಕಂತು, ಸ್ಕೂಲ್ ಫೀಸು, ಬಾಡಿಗೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿ. ಮಗಳದ್ದು ಸಿಬಿಎಸ್‌ಇ ಆಗಿದ್ದರೆ ಇನ್ನೊಂದು ಸಾಲು ಸೇರಿಸಿ: ಒಂಬತ್ತರಲ್ಲಿ ಬೋರ್ಡ್ ನೋಂದಣಿ ಆಗುತ್ತದೆ, ಹತ್ತರಲ್ಲಿ ಶಾಲೆ ಬದಲಿಸುವುದು ತೊಡಕಿನ ಕೆಲಸ. ಲೆಕ್ಕ ಕೂಡದೇ ನಡುವೆ ಊರಿಗೆ ಮರಳಬೇಕಾಗಿ ಬಂದರೆ ಆ ಹುಡುಗಿ ಎಲ್ಲಿ ಪರೀಕ್ಷೆ ಬರೆಯಬೇಕು? ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿದ್ದು ಲೂಕ 14ರಲ್ಲಿದೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇದು. ರಾಜೀನಾಮೆ ಪತ್ರ ಡ್ರಾಯರ್‌ನಲ್ಲೇ ಇರಲಿ. ನಿಮ್ಮವರು ಒಂದು ವರ್ಷ ಕೆಲಸದಲ್ಲಿ ಇದ್ದುಕೊಂಡೇ, ಸಂಬಳವಿಲ್ಲದೆ ಸಭೆ ನೋಡಿಕೊಳ್ಳಲಿ. ಹಾಲ್ ಕೊಟ್ಟ ಚರ್ಚಿನಿಂದ ಅದಕ್ಕೆ ಲಿಖಿತ ಒಪ್ಪಿಗೆ ಪಡೆಯಲಿ. ಸಿಎಸ್‌ಐನಲ್ಲಿ ಬಿಷಪ್ ದೀಕ್ಷೆ ಕೊಡದೆ ಯಾರೂ ಪಾಸ್ಟರ್ ಆಗುವುದಿಲ್ಲ, ಸಭೆಯ ಹಿರಿಯರು ಕೈ ಎತ್ತಿದರೆ ಸಾಲದು ಎಂದು ಅವರಿಗೂ ಗೊತ್ತು. ಕರ್ತನ ಭೋಜನಕ್ಕೆ ದೀಕ್ಷೆ ಪಡೆದವರನ್ನು ಕರೆಸಿದರಾಯಿತು. ಓದಬೇಕೆಂದಿದ್ದರೆ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ ನಡೆಸುವ ಬಾಹ್ಯ ಕೋರ್ಸ್‌ಗಳಿವೆ. ಪೂರ್ತಿ ಓದಬೇಕೆಂದರೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿದೆ. ವಾರದಲ್ಲಿ ಎಷ್ಟು ಸಂಜೆ ಸಭೆಗೆ, ಎಷ್ಟು ಮನೆಗೆ ಎಂದು ಈಗಲೇ ನಿಗದಿ ಮಾಡಿ. ದುಬೈ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ಬಂದವರಿಗೆ ಉಳಿಯುವ ಸಂಜೆ ಎಷ್ಟು ಅಂತ ನಿಮಗೇ ಗೊತ್ತು.

ವರ್ಷ ಮುಗಿದ ಮೇಲೆ ವೀಸಾ ಕೊಡುವವರು ಯಾರು, ಸಂಬಳ ಎಷ್ಟು, ಆಸ್ಪತ್ರೆ ಖರ್ಚು ಯಾರದು, ಎಲ್ಲವೂ ಬರವಣಿಗೆಯಲ್ಲಿ ಬಂದರೆ ಆಗ ರಾಜೀನಾಮೆ ಕೊಡಲಿ. ಆಗ ನೀವೂ ಅಡ್ಡ ಬರಬೇಡಿ. ಇದನ್ನು ಈಗಲೇ ಅವರಿಗೆ ಹೇಳಿಬಿಡಿ. ನಿಮ್ಮ ‘ತಾಳಿ’ ಅವರ ಕಿವಿಗೆ ‘ಬೇಡ’ ಅಂತ ಕೇಳಿಸಿರಬಹುದು.

ಅವರಿಗೆ ಒಂದು ಪ್ರಶ್ನೆಯನ್ನೂ ಕೇಳಿ. ಜಗಳದ ಹೊತ್ತಿನಲ್ಲಿ ಬೇಡ. ಇದೇ ಕರೆ ಶಾರ್ಜಾದಿಂದ ಬರದೆ, ರೋಣದ ಕಡೆಯ ಒಂದು ಹಳ್ಳಿ ಸಭೆಯಿಂದ, ಧಾರವಾಡದ ಬಿಷಪ್ಪರ ಡಯಾಸಿಸ್ಸಿನ (ಧರ್ಮಪ್ರಾಂತ್ಯದ) ಸಂಬಳದ ಮೇಲೆ ಬಂದಿದ್ದರೆ ಹೋಗುತ್ತಿದ್ದಿರಾ? ಹೌದು ಅಂದರೆ ಅವರ ಮನಸ್ಸು ನಿಜಕ್ಕೂ ಸೇವೆಯಲ್ಲಿದೆ, ನೀವು ಅದಕ್ಕೆ ತಯಾರಾಗಬೇಕು. ಉತ್ತರ ತಡವಾದರೆ, ಆಫೀಸಿನ ಕೆಲಸ ಅವರಿಗೆ ಸಾಕಾಗಿದೆಯೋ ಏನೋ. ಅದೂ ತಪ್ಪಲ್ಲ. ಆದರೆ ಅದಕ್ಕೆ ಮದ್ದು ಬೇರೆ.

ಇನ್ನು ನಿಮ್ಮ ಸಿಟ್ಟು. ನಿಮ್ಮವರನ್ನು ಸಭೆ ಕೇಳಿತು, ಅವರು ಒಪ್ಪಿದರು. ನಿಮ್ಮನ್ನು ಯಾರೂ ಕೇಳಲೇ ಇಲ್ಲ. ಕೇಳದೇ ಕೆಲಸ ಹಚ್ಚಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ನೈಟ್ ಡ್ಯೂಟಿ ಮುಗಿಸಿ ಬಂದವಳು ಮನೆಗೆ ಬಂದವರಿಗೆಲ್ಲ ಚಹಾ ಮಾಡುತ್ತಾ, ಮಹಿಳಾ ಕೂಟ ನಡೆಸುತ್ತಾ, ಸದಾ ನಗುತ್ತಾ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಪ್ರಿಸ್ಕಿಲ್ಲ ತನ್ನ ಕಸುಬು ತಾನು ಮಾಡುತ್ತಿದ್ದಳು. ಅಪೊಲ್ಲೋಸನಂಥ ಪಂಡಿತನಿಗೆ ಪಾಠ ಹೇಳಿದವರಲ್ಲಿ ಅವಳೂ ಒಬ್ಬಳು. ನಿಮಗೆ ಇಷ್ಟವಾದ ಒಂದು ಕೆಲಸ ಆರಿಸಿಕೊಳ್ಳಿ, ಸಂಡೇ ಸ್ಕೂಲೋ ಹಾಡೋ. ಮಿಕ್ಕಿದ್ದಕ್ಕೆ ‘ನನ್ನ ಕೈಲಾಗಲ್ಲ ಅಕ್ಕಾ’ ಅನ್ನಿ. ಎರಡು ಸಲ ಹೇಳಿದರೆ ಮೂರನೇ ಸಲ ಯಾರೂ ಕೇಳುವುದಿಲ್ಲ.

ಹಾಗೇ, ಹಿರಿಯ ಪಾಸ್ಟರ್ ಜೊತೆ ಅವರ ಮನೆಯವರೂ ಅಲ್ಲಿದ್ದರೆ, ಹೊರಡುವ ಮುಂಚೆ ಒಂದು ಮಧ್ಯಾಹ್ನ ಹೋಗಿ ಅವರ ಹತ್ತಿರ ಕೂತುಕೊಳ್ಳಿ. ಕಾಯಿಲೆ ಬಿದ್ದಾಗ ಬಿಲ್ ಯಾರು ಕಟ್ಟಿದರು, ಸಭೆಯಲ್ಲಿ ಜಗಳವಾದಾಗ ಯಾರ ಹತ್ತಿರ ಅತ್ತರು, ಮಕ್ಕಳು ಏನಂದರು, ಎಲ್ಲ ಕೇಳಿ. ನಿಮ್ಮವರನ್ನು ಕರೆದುಕೊಂಡು ಹೋಗಬೇಡಿ.